ಹಳಿದಾರಿಯಲ್ಲಿ ಎದುರು ಬರುವ ಬೀಗರು

ಫೆಬ್ರವರಿ ೩, ಸೋಮವಾರ

ಎರಡು ತೊಟ್ಟಿಲುಗಳ ಕಥೆಯನ್ನು ಮೊದಲು ಹೇಳಿದವನು ನಮ್ಮ ಬೀದಿಯ ಕ್ಷೌರಿಕ. ಹೇಳಿದ್ದು ನಿನ್ನೆ ಬೆಳಿಗ್ಗೆ, ನನ್ನ ಎರಡೂ ಕೆನ್ನೆಗೆ ನೊರೆ ಬಳಿದು, ಕತ್ತಿಯನ್ನು ಗಂಟಲ ಹತ್ತಿರ ತಂದ ಮೇಲೆ. ಅಂಥ ಸ್ಥಿತಿಯಲ್ಲಿ ಯಾವ ಮನುಷ್ಯನೂ ಎದುರು ವಾದಿಸುವುದಿಲ್ಲ.

"ಒಂದೂರಲ್ಲಿ ಒಬ್ಬ ಬಡಗಿ, ಒಬ್ಬ ವೆಲ್ಡಿಂಗ್ ಅಂಗಡಿಯೋನು," ಎಂದು ಶುರುಮಾಡಿದ, ಆ ಊರು ಏಳು ಸಮುದ್ರದಾಚೆ ಇದ್ದ ಹಾಗೆ. "ಬಡಗಿ ಮಗಳನ್ನ ವೆಲ್ಡಿಂಗಿನವನ ಮಗನಿಗೆ ಕೊಟ್ಟಿದ್ರು. ಮೊಮ್ಮಗಳು ಹುಟ್ಟಿದ್ಲು. ಅಜ್ಜಂದಿರಿಬ್ರೂ ಒಬ್ರಿಗೊಬ್ರು ಹೇಳದೆ ಒಂದೊಂದು ತೊಟ್ಟಿಲು ಮಾಡಿ ತಂದ್ರು. ಬಡಗಿ ತೊಟ್ಟಿಲ ಹತ್ರ ಮಗೂನ ತಂದ್ರೆ ಸೀನ್ತು. ಇನ್ನೊಬ್ಬನ ತೊಟ್ಟಿಲು ಇಟ್ಟಲ್ಲಿ ನೆಲದ ಕಲ್ಲು ಬಿರುಕು ಬಿಡ್ತು. ಮಗಳು ಎರಡನ್ನೂ ಹಿತ್ತಲಿಗೆ ಹಾಕಿ ಹಳೇ ಹೊದಿಕೇಲಿ ಜೋಲಿ ಕಟ್ಟಿದ್ಲು. ಈಗ ಒಂದರಲ್ಲಿ ಕೋಳಿ ಮಲಗುತ್ತೆ, ಇನ್ನೊಂದರಲ್ಲಿ ಸೌದೆ."

ಬೆಂಚಿನ ಮೇಲೆ ಸರದಿಗೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬಡಗಿ ನಾನೇ ಎಂಬುದು ಅವರಿಗೆಲ್ಲ ಗೊತ್ತು. ನಾನು ನೊರೆಯೊಳಗೇ ಕೆಂಪಾದೆ.

ಸರಿಯಾದ ಸಂಗತಿ ಎಲ್ಲಾದರೂ ಒಂದು ಕಡೆ ಇರಲಿ ಎಂದು ಇಲ್ಲಿ ಬರೆದಿಡುತ್ತೇನೆ. ನಮ್ಮೂರಿನ ರೈಲು ನಿಂತು ಹಳಿ ಕಿತ್ತಾಗ, ಹಳಿಯ ಕೆಳಗೆ ಹಾಸಿದ್ದ ಮರದ ಸ್ಲೀಪರುಗಳನ್ನು ಹರಾಜಿನಲ್ಲಿ ತಂದಿದ್ದೆ. ಅಂಥ ಮರ ಈಗ ದೀಪ ಹಿಡಿದು ಹುಡುಕಿದರೂ ಸಿಗದು. ವರ್ಷಗಟ್ಟಲೆ ಡಾಂಬರು ಎಣ್ಣೆ ಕುಡಿದ ಮರ, ಸ್ವಲ್ಪ ವಾಸನೆ ಇರುತ್ತದೆ, ಯಾರು ಇಲ್ಲ ಎಂದರು? ರೈಲನ್ನು ಹೊತ್ತ ಮರ ನನ್ನ ಮೊಮ್ಮಗಳನ್ನು ಹೊರಲಾರದೇ? ಅದರಲ್ಲೇ ತೊಟ್ಟಿಲು ಮಾಡಿದೆ. ವೆಲ್ಡಿಂಗಿನ ಆ ಮನುಷ್ಯ ಅದೇ ಹರಾಜಿನಲ್ಲಿ ಹಳಿಯ ತುಂಡುಗಳನ್ನು ತಂದು ತಾನೂ ಒಂದು ಮಾಡಿದ್ದ. ನಾಲ್ಕು ಜನ ಹೊತ್ತು ತಂದರು. ನಾನು ಸುಮ್ಮನೆ, "ಇದರಲ್ಲಿ ಮಗೂನ ಮಲಗಿಸ್ತೀರೋ, ಕಳ್ಳನ್ನ ಕೂಡಿಹಾಕ್ತೀರೋ?" ಎಂದೆ. ಅದಕ್ಕೆ ಅವನು, "ನಿಮ್ಮದರಲ್ಲಿ ಮಲಗಿಸಿದ್ರೆ ಒಂದು ಅನುಕೂಲ, ಮಗೂಗೆ ಗೆದ್ದಲು ಹಿಡಿಯಲ್ಲ," ಎಂದ. ಮಾತಿಗೆ ಮಾತು ಬೆಳೆಯಿತು. ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಂದುಬಿಟ್ಟೆ.

ಆಗ ಪುಟ್ಟಿಗೆ ಕತ್ತು ನಿಂತಿರಲಿಲ್ಲ. ಈಗ ಕೂರುತ್ತಾಳಂತೆ. ನನ್ನ ಪಾಲಿಗೆ ಮೊಮ್ಮಗಳೆಂದರೆ ಬರೀ 'ಅಂತೆ'. ಹೆಂಡತಿ ವಾರಕ್ಕೊಮ್ಮೆ ಹೋಗಿ ನೋಡಿ ಬಂದು ಹೇಳಿದಷ್ಟೇ. ಮಗಳಂತೂ ಖಡಾಖಂಡಿತ ಹೇಳಿದ್ದಾಳೆ: "ಮಗೂನ ನಾನು ಅಲ್ಲಿಗೆ ಹೊತ್ಕೊಂಡು ಬರಲ್ಲ. ಅಪ್ಪ ಬರಲಿ. ಬಾಗಿಲು ತೆಗೆದೇ ಇದೆ." ಇಷ್ಟು ಹಟ ಇವಳಿಗೆ ಎಲ್ಲಿಂದ ಬಂತೋ, ತಾಯಿ ಕಡೆಯದಿರಬೇಕು.

ಇವತ್ತು ಡಾಕ್ಟರಮ್ಮ ರಕ್ತ ನೋಡಿ, ಸಕ್ಕರೆ ಏರಿದೆ, ನಡೆಯಲೇಬೇಕು ಎಂದಳು. ಹೆಂಡತಿ ಕೂಡಲೇ, "ನಾಳೆಯಿಂದ ಹಳಿದಾರೀಲಿ ನಡೀರಿ. ಹಾಲಿನವನು ಬಂದು ಹೋದ ತಕ್ಷಣ ಹೊರಡಿ. ಅದಕ್ಕೆ ಮುಂಚೆ ಬೇಡ, ಆಮೇಲೂ ಬೇಡ," ಎಂದಳು. ಆಗಲೇ ಗಾಳಿ ಚೆನ್ನಾಗಿರುತ್ತದಂತೆ. ಗಾಳಿಗೂ ಹಾಲಿನವನಿಗೂ ಏನು ನೆಂಟಸ್ತನವೋ.

ಫೆಬ್ರವರಿ ೪, ಮಂಗಳವಾರ

ನಡೆದೆ. ಹಳಿ ಇದ್ದ ಜಾಗಕ್ಕೆ ಕೆಂಪು ಮಣ್ಣು ಹಾಕಿ, ರೋಲರ್ ಓಡಿಸಿ, ಅಲ್ಲಲ್ಲಿ ಬೆಂಚು ಇಟ್ಟಿದ್ದಾರೆ. ಹಳಿಯ ಒಂದು ಚೂರೂ ಉಳಿದಿಲ್ಲ, ಆದರೂ ಎಲ್ಲರ ಬಾಯಲ್ಲೂ ಹಳಿದಾರಿ. ಟಿಕೆಟ್ ಕೊಡುತ್ತಿದ್ದ ಕಿಂಡಿಯಲ್ಲಿ ಈಗ ಚಹಾ ಕೊಡುತ್ತಾರೆ. ಸಿಗ್ನಲ್ ಕಂಬಕ್ಕೆ ಯಾರೋ ಬನಿಯನ್ ಒಣಹಾಕಿದ್ದರು. ಈ ಕೊನೆಯಲ್ಲಿ ನಮ್ಮ ಮಿಲ್ ಬೀದಿ, ಆ ಕೊನೆಯಲ್ಲಿ ಗೋದಾಮಿನ ಬೀದಿ. ಗೋದಾಮಿನ ಬೀದಿಯಲ್ಲೇ ಆ ಮನುಷ್ಯನ ಮನೆ, ಮಗ್ಗುಲಿಗೆ ಅಂಗಡಿ. ದಾರಿ ಮಾತ್ರ ತೊಲೆಯ ಹಾಗೆ ಮಟ್ಟವಾಗಿದೆ. ನನ್ನ ಕಣ್ಣಿಗೆ ಗುಳ್ಳೆ ನೋಡಿ ಮಟ್ಟ ಹೇಳುವ ರಸಮಟ್ಟ ಬೇಕಿಲ್ಲ. ಎಷ್ಟೋ ಮನೆಯ ಬಾಗಿಲು ಕೂರಿಸಿದ ಕಣ್ಣು ಇದು.

ರೈಲು ದಾರಿಯ ದೊಡ್ಡ ದೋಷವೆಂದರೆ ಅದು ನೇರ. ಊರ ಬೀದಿಯಲ್ಲಿ ಮಾತು ಬಿಟ್ಟವನು ಎದುರಾದರೆ ತೊಂದರೆಯಿಲ್ಲ. ತಿರುವಿನಲ್ಲಿ ತಟ್ಟನೆ ಸಿಗುತ್ತಾನೆ, ಮುಖ ತಿರುಗಿಸಿದರೆ ಆಯಿತು. ಇಲ್ಲಿ ಹಾಗಲ್ಲ. ದೂರದಲ್ಲಿ ಒಂದು ಚುಕ್ಕೆ ಕಂಡಿತು. ಚುಕ್ಕೆ ಸಾಸಿವೆಯಾಯಿತು, ಸಾಸಿವೆ ಕಡಲೆಯಾಯಿತು, ಕಡಲೆಗೆ ಕೈಕಾಲು ಮೂಡಿದವು. ಬಾತುಕೋಳಿಯ ನಡಿಗೆ. ಆ ಮನುಷ್ಯನೇ! ಕೈಯಲ್ಲಿ ತಾನೇ ಮಾಡಿದ ಕಬ್ಬಿಣದ ತಳ್ಳುಗಾಡಿ. ಗಾಡಿಯಲ್ಲಿ ಯಾರಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಹಿಂತಿರುಗಿದರೆ ಸೋತ ಹಾಗೆ. ಅಷ್ಟು ದೂರದಿಂದಲೇ ಮುಖ ತಿರುಗಿಸಿಕೊಂಡರೆ ಹತ್ತಿರ ಬರುವಷ್ಟರಲ್ಲಿ ಕತ್ತು ಹಿಡಿದುಹೋಗುತ್ತದೆ. ಆಕಾಶ ನೋಡಿದೆ. ಆಕಾಶದಲ್ಲಿ ಎಷ್ಟು ಹೊತ್ತು ನೋಡುವಂಥದ್ದು ಏನಿದೆ? ಮೋಡವೂ ಇರಲಿಲ್ಲ. ಅವನು ನೆಲ ನೋಡುತ್ತ ಬಂದ, ಏನೋ ಕಳೆದುಕೊಂಡವನ ಹಾಗೆ. ಪಕ್ಕದಲ್ಲಿ ದಾಟುವಾಗ ಕಣ್ಣಿನ ಮೂಲೆಯಿಂದ ನೋಡಿದೆ. ಗಾಡಿಗೆ ಮುಸುಕು ಎಳೆದಿತ್ತು. ಒಂದು ಕಾಲುಚೀಲ ಮಾತ್ರ ಕಂಡಿತು. ಹಳದಿ. ಅಲ್ಲಾಡಿತು.

"ದಾರೀಲಿ ಯಾರಾದ್ರೂ ಸಿಕ್ರಾ?" ಎಂದಳು ಹೆಂಡತಿ.

"ನಾಯಿ," ಎಂದೆ.

ಫೆಬ್ರವರಿ ೫, ಬುಧವಾರ

ಇವತ್ತೂ ಬಂದ. ಕಾಲುಚೀಲ ಬಿಳಿ.

ಫೆಬ್ರವರಿ ೭, ಶುಕ್ರವಾರ

ಛತ್ರಿ ಹಿಡಿದು ಹೋದೆ. ಮುಂದಕ್ಕೆ ಬಾಗಿಸಿ ಹಿಡಿದರೆ ಮುಖದ ಪ್ರಶ್ನೆಯೇ ಇಲ್ಲ. ಆದರೆ ಗಾಡಿಯೂ ಕಾಣಲಿಲ್ಲ. ಮನೆಗೆ ಬಂದು ಛತ್ರಿಯ ಬಟ್ಟೆಗೆ ಕಣ್ಣಿನ ಎತ್ತರದಲ್ಲಿ ಉಳಿಯಿಂದ ಚೆಂದದ ತೂತು ಕೊರೆದೆ, ಅಂಚು ಬಿಚ್ಚಿಕೊಳ್ಳದ ಹಾಗೆ ಅರಗು ಹಚ್ಚಿದೆ.

"ಮಳೆ ಇಲ್ಲ, ಬಿಸಿಲಿಲ್ಲ, ಛತ್ರಿ ಯಾಕ್ರೀ?" ಎಂದಳು ಹೆಂಡತಿ. ಆಮೇಲೆ ತೂತಿನೊಳಗಿಂದ ನನ್ನನ್ನು ನೋಡಿದಳು. ಇಬ್ಬರ ಕಣ್ಣೂ ತೂತಿನಲ್ಲಿ ಸಂಧಿಸಿದವು. ಅವಳು ಒಳಗೆ ಹೋದಳು. ಒಳಗೆ ಪಾತ್ರೆಗಳು ನಕ್ಕ ಹಾಗೆ ಸದ್ದಾಯಿತು.

ಫೆಬ್ರವರಿ ೮, ಶನಿವಾರ

ತೂತು ಒಳ್ಳೆಯ ಕೆಲಸ ಮಾಡಿತು. ಪುಟ್ಟಿಯ ಒಂದು ಕಿವಿ, ಅರ್ಧ ಕೆನ್ನೆ ಕಂಡವು. ಕೆನ್ನೆ ನಮ್ಮ ಕಡೆಯದು.

ಆದರೆ ಆ ಮನುಷ್ಯ ವೆಲ್ಡಿಂಗ್ ಮಾಡುವಾಗ ಹಾಕುವ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ! ಅದರೊಳಗಿಂದ ಅವನು ನನ್ನನ್ನು ನೋಡುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಎಂಥ ಕುತಂತ್ರ. ನೇರವಾಗಿ ಇರಲು ಬಾರದ ಜನ ಇರುತ್ತಾರೆ.

ಫೆಬ್ರವರಿ ೯, ಭಾನುವಾರ

ಹೆಂಡತಿ ಮಗಳ ಮನೆಗೆ ಹೋಗಿ ಬಂದಳು. ಪುಟ್ಟಿಗೆ ಕೆಳಗೆ ಎರಡು ಹಲ್ಲು ಬಂದಿವೆಯಂತೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳಂತೆ. ಇನ್ನೊಂದು ಸಂಗತಿಯನ್ನು ಕಾಲು ತೊಳೆದು, ನೀರು ಕುಡಿದು, ಆಮೇಲೆ ಹೇಳಿದಳು.

"ಬೀಗರನ್ನ ಕಂಡ್ರೆ ಕೈ ಚಾಚಿ 'ಜ್ಜ, ಜ್ಜ' ಅಂತಾಳೆ."

"ಅದು ಮಾತಲ್ಲ. ಉಗುಳು."

"ಆಯ್ತು ಬಿಡಿ, ಉಗುಳು."

ಊಟ ಸೇರಲಿಲ್ಲ. ಕೂಸಿಗೆ ಅಜ್ಜ ಎಂದರೆ ಒಬ್ಬನೇ ಎಂದಾಗಿಬಿಟ್ಟರೆ? ಅವಳಿಗೆ ನಾನು ಹಳಿದಾರಿಯಲ್ಲಿ ಹೋಗುವ ಒಂದು ಛತ್ರಿ. ಯಾರೋ ತೂತುಬಿದ್ದ ಛತ್ರಿಯ ಮುದುಕ.

ಫೆಬ್ರವರಿ ೧೨, ಬುಧವಾರ

ಊರುಗೋಲು ಒಯ್ಯತೊಡಗಿದ್ದೇನೆ. ಕಾಲಿಗೆ ಬೇಕು. ನಡುದಾರಿಯ ಬೆಂಚಿನಲ್ಲಿ ಕೂತು ಸುಮ್ಮನೆ ಅದರಿಂದ ಟಕ್ ಟಕ್ ಎಂದು ಬಡಿದರೆ ಗಾಡಿಯೊಳಗಿಂದ "ಹ್ಹೂಂ?" ಎಂದು ದನಿ ಬರುತ್ತದೆ. ನಾನು ಟಕ್ ಎಂದರೆ ಹ್ಹೂಂ, ಟಕ್ ಟಕ್ ಎಂದರೆ ಹ್ಹೂಂ ಹ್ಹೂಂ. ಲೆಕ್ಕ ತಪ್ಪುವುದಿಲ್ಲ. ನಮ್ಮ ಕಡೆ ಎಲ್ಲರೂ ಲೆಕ್ಕದಲ್ಲಿ ಗಟ್ಟಿ.

ಒಂದು ವಿಚಿತ್ರ. ಆ ಮನುಷ್ಯನ ಚಪ್ಪಲಿ ಸರಿಯಿಲ್ಲ. ಮೂರು ದಿನದಿಂದಲೂ ಸರಿಯಾಗಿ ನನ್ನ ಬೆಂಚಿನ ಎದುರಿಗೇ ಕಿತ್ತುಹೋಗುತ್ತದೆ. ಗಾಡಿಯನ್ನು ನನ್ನ ಕಡೆಗೆ ತಿರುಗಿಸಿ ಒಂದು ಕೈಯಲ್ಲಿ ಹಿಡಿದುಕೊಂಡು, ಮುಸುಕು ಹಿಂದಕ್ಕೆ ಸರಿಸಿ, ಕೂತುಕೊಂಡು ಬಹಳ ಹೊತ್ತು ಬಾರು ಎಳೆಯುತ್ತಾನೆ. ಅಷ್ಟರಲ್ಲಿ ನಾವಿಬ್ಬರೂ ಟಕ್ ಹ್ಹೂಂ ಆಡಿ ಮುಗಿಸುತ್ತೇವೆ. ಕಬ್ಬಿಣ ಬಿಟ್ಟರೆ ಬೇರೇನೂ ತಿಳಿಯದವನಿಗೆ ಚರ್ಮದ ಚಪ್ಪಲಿ ಯಾಕೆ ಬೇಕು?

ಹಲ್ಲು ಕಂಡವು. ಎರಡೂ.

ಫೆಬ್ರವರಿ ೧೫, ಶನಿವಾರ

ಬರಲಿಲ್ಲ. ದಾರಿಯುದ್ದಕ್ಕೂ ಎಷ್ಟು ಚುಕ್ಕೆಗಳು ಕಡಲೆಯಾಗಿ, ಕೈಕಾಲು ಬಂದು, ಕೊನೆಗೆ ಬೇರೆ ಯಾರೋ ಆದವು. ಚೆನ್ನಾಗಿ ಗಾಳಿ ಇತ್ತು, ಹಾಗೇ ನಡೆಯುತ್ತ ಹೋದೆ. ಗೋದಾಮು ಕಂಡಿತು. ಅವರ ಅಂಗಡಿಯ ತಗಡು ಕಂಡಿತು. ಅಂಗಳದಲ್ಲಿ ಹಳದಿ ಕಾಲುಚೀಲ ಒಣಹಾಕಿತ್ತು. ಅಲ್ಲಿಂದಲೇ ಹಿಂತಿರುಗಿದೆ.

ಹೋಗುವಾಗ ಹುಡುಗನ ಹಾಗೆ ಹೋದವನಿಗೆ ಬರುವಾಗ ಏದುಸಿರು. ನನಗೆ ಏನೋ ದೊಡ್ಡ ಕಾಯಿಲೆಯೇ ಇರಬೇಕು. ಮಟ್ಟದ ದಾರಿಯಲ್ಲಿ ಹೋಗುವಾಗ ಇರುವ ಎದೆ ಬರುವಾಗ ಎಲ್ಲಿ ಹೋಗುತ್ತದೆ?

ಫೆಬ್ರವರಿ ೧೭, ಸೋಮವಾರ

ಇವತ್ತೂ ಇಲ್ಲ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ, ಕುದುರೆಯ ಹಾಗಿದ್ದೀರಿ ಎಂದಳು. ಮಗುವಿಗೆ ನೆಗಡಿಯಂತೆ. ಹೆಂಡತಿ ನಾನು ಕೇಳದೆಯೇ ಹೇಳಿದಳು. ನಾನು ಕೇಳದೆಯೇ ಹೇಳಲಿ ಎಂದೇ ಅವಳ ಸುತ್ತಮುತ್ತ ಬಹಳ ಹೊತ್ತು ಓಡಾಡಬೇಕಾಯಿತು.

ಫೆಬ್ರವರಿ ೧೮, ಮಂಗಳವಾರ

ಇವತ್ತಿನದನ್ನು ಬರೆಯಲೋ ಬೇಡವೋ? ಬರೆಯುತ್ತೇನೆ.

ಬಂದರು. ಬೆಂಚಿನ ಎದುರು ಎಂದಿನಂತೆ ಚಪ್ಪಲಿ ಕಿತ್ತುಹೋಯಿತು. ಪುಟ್ಟಿಯ ಮೂಗು ಕೆಂಪಾಗಿತ್ತು. ನನಗೆ ತಡೆಯಲಾಗಲಿಲ್ಲ. ಹಾಗೆಂದು ಮಾತು ಬಿಟ್ಟವರನ್ನು ಮಾತಾಡಿಸುವುದುಂಟೇ? ಕೂಸನ್ನೇ ಕೇಳಿದೆ.

"ಏನಮ್ಮಾ ಪುಟ್ಟಿ, ನೆಗಡಿ ಹೋಯ್ತಾ? ಬೆಳಿಗ್ಗೆ ಬೆಳಿಗ್ಗೆ ಥಂಡೀಲಿ ನಿನ್ನ ಯಾರು ಹೊರಗೆ ತರ್ತಾರೆ? ಬುದ್ಧಿ ಇಲ್ವಾ ಅವರಿಗೆ?"

ಅವರೂ ಕೂಸಿಗೇ ಉತ್ತರ ಹೇಳಿದರು. "ಪುಟ್ಟಿ, ಹೇಳು. ನಾವು ಬರದೇ ಇದ್ರೆ ಕೆಲವರು ಅಂಗಡಿ ತನಕ ಬಂದು ಕಾಲುಚೀಲ ನೋಡ್ಕೊಂಡು ಹೋಗ್ತಾರೆ, ಅದಕ್ಕೇ ಬಂದ್ವಿ ಅನ್ನು."

"ಪುಟ್ಟಿ, ನಾನು ಗಾಳಿಗೆ ಬಂದಿದ್ದೆ ಅನ್ನು."

"ಪುಟ್ಟಿ, ನಮ್ಮ ಕಡೆ ಗಾಳಿ ಚೆನ್ನಾಗಿದೆ, ದಿನಾ ಬರಬಹುದು ಅನ್ನು."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗಾಡಿಯನ್ನು ಅವರು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದರು. ನೋಡಿ ನನಗೆ ತಮಾಷೆಯೆನಿಸಿತು. "ಪುಟ್ಟಿ, ನಿಮ್ಮಜ್ಜ ಗಾಡೀನ ಕಳ್ಳನ್ನ ಹಿಡಿದ ಹಾಗೆ ಯಾಕೆ ಹಿಡ್ಕೊಂಡಿದ್ದಾರೆ ಕೇಳು."

"ಬಿಟ್ರೆ ಹೋಗುತ್ತೆ ಅನ್ನು ಪುಟ್ಟಿ. ಇಲ್ಲಿ ಇಳಿಜಾರು."

"ಇಳಿಜಾರಾ?" ನಾನು ಎದ್ದು ನಿಂತೆ. ಕೂಸಿನ ಮೂಲಕ ಹೇಳುವಷ್ಟು ತಾಳ್ಮೆ ಉಳಿಯಲಿಲ್ಲ. "ಎಲ್ರೀ ಇಳಿಜಾರು? ಎರೆದ ನೀರು ನಿಲ್ಲೋ ಹಾಗಿದೆ ದಾರಿ!"

"ದಿನಾ ತಳ್ಕೊಂಡು ಏರೋನು ನಾನು ಕಣ್ರೀ. ನಮ್ಮನೆಯಿಂದ ನಿಮ್ಮ ಕಡೆಗೆ ಪೂರ್ತಿ ಏರು. ನನ್ನ ಮಂಡಿ ಹೇಳುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಂಡಿ ಸರಿಯಿಲ್ಲ ಅಂದ್ರೆ ಎಣ್ಣೆ ಹಚ್ಚಿ. ನನ್ನ ಕಣ್ಣು ರಸಮಟ್ಟ. ಬಿಡಿ ಗಾಡೀನ, ನೋಡೋಣ."

"ಬಿಡಲ್ಲ."

"ಬಿಡ್ರೀ! ನಿಂತಲ್ಲೇ ನಿಲ್ಲುತ್ತೆ."

ಬಿಟ್ಟರು. ಗಾಡಿ ನಿಂತಿತು. "ನೋಡಿದ್ರಾ!" ಎಂದು ನಾನು ಬೆರಳೆತ್ತಿದೆ. ಅವರೂ ಬೆರಳೆತ್ತಿದರು. ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ನಿಂತು ತೊಟ್ಟಿಲಿನಿಂದ ಶುರುಮಾಡಿ ಮದುವೆಯಲ್ಲಿ ಮುರಿದ ಕುರ್ಚಿಯವರೆಗೆ ಹೋದೆವು. ಕುರ್ಚಿ ಮುರಿದದ್ದು ಮರದ ತಪ್ಪೋ, ಕೂತವರ ತೂಕದ ತಪ್ಪೋ ಎಂದು ನಿರ್ಧಾರವಾಗುವ ಹೊತ್ತಿಗೆ ಎಲ್ಲೋ ಪುಟ್ಟಿ ಕೇಕೆ ಹಾಕಿದಳು. ದೂರದಿಂದ.

ತಿರುಗಿ ನೋಡಿದರೆ ಗಾಡಿ ಇಲ್ಲ. ಗೋದಾಮಿನ ಕಡೆಗೆ ತನ್ನಷ್ಟಕ್ಕೆ ತಾನು ಹೊರಟುಹೋಗಿತ್ತು. ಓಡುತ್ತಿರಲಿಲ್ಲ. ಸಂತೆಗೆ ಹೊರಟ ಎಮ್ಮೆಯ ಹಾಗೆ, ಅವಸರವಿಲ್ಲದೆ, ನಿಲ್ಲುವ ಯೋಚನೆಯೂ ಇಲ್ಲದೆ ಹೋಗುತ್ತಿತ್ತು.

ನಾವು ಓಡಿದೆವು. ನನ್ನ ಊರುಗೋಲು ಒಂದು ಕಡೆ ಬಿತ್ತು, ಅವರ ಚಪ್ಪಲಿ ನಿಜವಾಗಿಯೂ ಕಿತ್ತುಹೋಯಿತು. "ಬೇರಿಂಗ್ ಯಾಕ್ರೀ ಅಷ್ಟು ನುಣುಪಾಗಿ ಹಾಕಿದ್ರಿ!" ಎಂದು ನಾನು ಕೂಗಿದೆ. "ಓಡ್ರೀ ಮೊದಲು!" ಎಂದು ಅವರು ಕೂಗಿದರು. ನಾವು ಹತ್ತಿರವಾದಂತೆ ಗಾಡಿಗೂ ವೇಗ ಬಂತು. ಪುಟ್ಟಿ ಹಿಂದಕ್ಕೆ ತಿರುಗಿ ಇಬ್ಬರು ಮುದುಕರು ಬಾಯಿ ತೆರೆದುಕೊಂಡು ಓಡಿಬರುವುದನ್ನು ಕಂಡು ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ಕತ್ತಲೆಗಟ್ಟಿತು. ಆ ಕತ್ತಲೆಯಲ್ಲಿ ಬೇಡಿಕೊಂಡದ್ದು ಒಂದೇ: ಅವಳಿಗೆ ಏನೂ ಆಗದಿದ್ದರೆ ಸಾಕು, ಅವಳು ಯಾರನ್ನು ಬೇಕಾದರೂ ಅಜ್ಜ ಎನ್ನಲಿ.

ದಾರಿ ಗುಡಿಸುವಾಕೆ ಮುಂದೆ ಇದ್ದಳು. ಬರುವ ಗಾಡಿಯನ್ನು ನೋಡಿದಳು, ಹಿಂದೆ ಬರುವ ನಮ್ಮನ್ನು ನೋಡಿದಳು, ಉದ್ದನೆಯ ಪೊರಕೆಯನ್ನು ಚಕ್ರದ ಮುಂದೆ ಅಡ್ಡ ಹಿಡಿದಳು. ಗಾಡಿ ಮೆತ್ತಗೆ ಪೊರಕೆಗೆ ಒರಗಿ ನಿಂತಿತು.

"ಏನ್ರಪ್ಪಾ, ಮಗೂನ ಮುಂದೆ ಬಿಟ್ಟು ಹಿಂದೆ ಓಡೋದು ಯಾವ ಸೀಮೆ ವ್ಯಾಯಾಮ?" ಎಂದಳು. "ಇಬ್ರಿಗೂ ಸೇರಿಸಿದ್ರೆ ನೂರು ದಾಟುತ್ತೆ ವಯಸ್ಸು. ಬುದ್ಧಿ ಇಬ್ರಿಗೂ ಸೇರಿಸಿದ್ರೂ ಒಂದು ಹಿಡಿ ಆಗಲ್ಲ."

ನಾವು ತಲೆ ತಗ್ಗಿಸಿ ಉಸಿರು ಬಿಡುತ್ತಿದ್ದೆವು. ಅವಳು ಪುಟ್ಟಿಯನ್ನು ಎತ್ತಿ ತನಗೆ ಹತ್ತಿರವಿದ್ದವನ ಕೈಗೆ ಕೊಟ್ಟಳು. ಹತ್ತಿರವಿದ್ದವನು ನಾನು.

ಭಾರ ಇದ್ದಾಳೆ. ಒಳ್ಳೆಯ ಜಾತಿ ಮರದ ಹಾಗೆ, ನೋಡಲು ಚಿಕ್ಕದು, ಎತ್ತಿದರೆ ಗೊತ್ತಾಗುತ್ತದೆ. ನನ್ನ ಮುಖ ನೋಡಿದಳು. ಅಳಲಿಲ್ಲ. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲು ಎಳೆದು ಬಾಯಿಗಿಟ್ಟು ಕಚ್ಚಿದಳು.

ಬೀಗರು ರಸ್ತೆಯಂಚಿನಲ್ಲಿ ಬರಿಗಾಲಲ್ಲಿ ಕೂತು, "ಸೊಸೆಗೆ ಗೊತ್ತಾದ್ರೆ ಮುಗೀತು," ಎಂದರು.

"ನಮ್ಮಿಬ್ಬರಲ್ಲೇ ಇರಲಿ," ಎಂದೆ.

"ಆಣೆ?"

"ಆಣೆ."

ಫೆಬ್ರವರಿ ೧೯, ಬುಧವಾರ

ಗಾಳಿ ತಳ್ಳಿರಬೇಕು. ನಿನ್ನೆ ಗಾಳಿ ಇತ್ತು. ಅಲ್ಲದೆ ಅಷ್ಟು ಒಳ್ಳೆಯ ಬೇರಿಂಗ್ ಹಾಕಿದರೆ ಮಟ್ಟದ ನೆಲದಲ್ಲೂ ಗಾಡಿ ತಾನೇ ಹೋಗುತ್ತದೆ. ಇದನ್ನು ಬೀಗರಿಗೆ ಹೇಳಿದೆ. ಮೊದಲ ಅರ್ಧಕ್ಕೆ ಮುಖ ಸಿಂಡರಿಸಿದರು, ಎರಡನೆಯ ಅರ್ಧಕ್ಕೆ ಖುಷಿಪಟ್ಟರು.

ಈ ಪೆನ್ಸಿಲಿನಲ್ಲಿ ಬರೆಯುವುದು ಕಷ್ಟ. ಎರಡು ಸಣ್ಣ ಗುಳಿಗಳಿವೆ, ಬೆರಳು ಅಲ್ಲಿಗೇ ಹೋಗುತ್ತದೆ.

ಫೆಬ್ರವರಿ ೨೧, ಶುಕ್ರವಾರ

ಗಾಡಿಗೆ ಬ್ರೇಕು ಬೇಕೇ ಬೇಕು ಎಂದು ಇಬ್ಬರೂ ಒಪ್ಪಿದೆವು. ಬೀಗರು ಕಬ್ಬಿಣದ್ದು ಮಾಡುತ್ತೇನೆ ಎಂದರು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದರೆ ಕೀರಲು ಸದ್ದು, ಕೂಸು ಎದ್ದುಬಿಡುತ್ತದೆ ಎಂದೆ. ಮರದ ತುಂಡು ಕೊಡಿ, ಸನ್ನೆಕೋಲು ನಾನು ಮಾಡುತ್ತೇನೆ ಎಂದರು. ಅವರ ಅಂಗಡಿಯಲ್ಲಿ ಕೂತು ಮಾಡಿದೆವು. ಹೊಸ್ತಿಲು ತುಳಿಯುವುದಿಲ್ಲ ಎಂದದ್ದು ಮನೆಯದು. ಅಂಗಡಿಗೆ ಹೊಸ್ತಿಲೇ ಇಲ್ಲ, ಬರೀ ಷಟರ್.

ಮರ ಚಕ್ರಕ್ಕೆ ಕೂರುವ ಹಾಗೆ ಬಾಗು ಕೆತ್ತಿದೆ. ಬೀಗರು ಬೆರಳಾಡಿಸಿ ನೋಡಿ, "ಕೈ ಇದೆ ಕಣ್ರೀ ನಿಮಗೆ," ಎಂದರು. ಅವರು ಕಿಡಿ ಹಾರಿಸುತ್ತ ಕೀಲು ಕೂರಿಸುವಾಗ ಕಪ್ಪು ಕನ್ನಡಕವನ್ನು ನನಗೆ ಕೊಟ್ಟು, ತಾವು ಮುಖಕ್ಕೆ ಗುರಾಣಿ ಹಿಡಿದರು. ಕನ್ನಡಕದೊಳಗಿಂದ ನೋಡಿದೆ. ಕಿಡಿ ಬಿಟ್ಟರೆ ಏನೂ ಕಾಣುವುದಿಲ್ಲ! ಇದನ್ನು ಹಾಕಿಕೊಂಡು ಅವರು ದಾರಿಯಲ್ಲಿ ಹೇಗೆ ನಡೆದರು ಎಂದು ಕೇಳಿದೆ.

"ಎರಡು ಸಲ ಬೆಂಚಿಗೆ ಗುದ್ದಿಕೊಂಡೆ," ಎಂದರು.

ಫೆಬ್ರವರಿ ೨೩, ಭಾನುವಾರ

ಸಿಕ್ಕಿಬಿದ್ದೆವು. ಯಾರೂ ಚಾಡಿ ಹೇಳಲಿಲ್ಲ. ಗಾಡಿಯೇ ಹೇಳಿತು.

ಮಗಳು ಬೆಳಿಗ್ಗೆ ಫೋನ್ ಮಾಡಿ, "ಅಪ್ಪ, ಅಮ್ಮನ್ನ ಕರ್ಕೊಂಡು ಈಗಲೇ ಬಾ," ಎಂದಳು. ಪುಟ್ಟಿಗೆ ಏನಾಯಿತೋ ಎಂದು ಚಪ್ಪಲಿ ಮೆಟ್ಟುವಾಗ ಎಡ ಬಲ ತಿಳಿಯಲಿಲ್ಲ. ಸೀದಾ ಒಳಗೆ ನುಗ್ಗಿ ನೋಡಿದರೆ ಕೂಸು ಜೋಲಿಯಲ್ಲಿ ನಿದ್ದೆ ಹೋಗಿತ್ತು. ಹಜಾರದ ನಡುವೆ ಗಾಡಿ ನಿಲ್ಲಿಸಿತ್ತು. ಬೀಗರು ಗೋಡೆಗೆ ಒರಗಿ ಶಾಲೆಯ ಹುಡುಗನ ಹಾಗೆ ನಿಂತಿದ್ದರು. ಅಳಿಯ ಬಾಗಿಲ ಹತ್ತಿರ, ಬೀಗಿತಿ ಅಡುಗೆಮನೆ ಕಟ್ಟೆಯ ಹತ್ತಿರ. ನಾನು ಬೀಗರ ಮಗ್ಗುಲಿಗೆ ಹೋಗಿ ನಿಂತೆ.

"ಇದೇನು?" ಮಗಳು ಬ್ರೇಕಿನ ಮರದ ತುಂಡು ಮುಟ್ಟಿದಳು.

"ಬ್ರೇಕು," ಎಂದರು ಬೀಗರು.

"ಮಾವ, ನೀವು ಹಲ್ಲುಕಡ್ಡಿನೂ ಕಬ್ಬಿಣದಲ್ಲೇ ಮಾಡೋರು. ಈ ಬಾಗು ಕೆತ್ತಿದ್ದು ಯಾರು ಅಂತ ನನಗೆ ಗೊತ್ತಾಗಲ್ವಾ? ಮರದ ಸಿಪ್ಪೆ ಮೇಲೆ ಉರುಳಾಡಿ ಬೆಳೆದೋಳು ನಾನು." ನನ್ನ ಕಡೆ ತಿರುಗಿದಳು. "ಮಾತಾಡದೇ ಇದ್ದೋರು ಇಬ್ರೂ ಸೇರಿ ಬ್ರೇಕು ಮಾಡಿದ್ದೀರಿ ಅಂದ್ರೆ ಗಾಡಿ ಎಲ್ಲೋ ಓಡಿದೆ. ನನ್ನ ಮಗಳು ಅದರಲ್ಲಿದ್ಲಾ?"

ನಾವು ನೆಲ ನೋಡಿದೆವು.

"ನಿಜ ಹೇಳಿ. ಇಲ್ಲ ಅಂದ್ರೆ ಇವತ್ತಿಂದ ಪುಟ್ಟಿ ನಿಮ್ಮಿಬ್ಬರಲ್ಲಿ ಯಾರ ಕೈಗೂ ಇಲ್ಲ."

ಬೀಗರು ನನ್ನನ್ನು ಮೊಣಕೈಯಿಂದ ತಿವಿದರು. ಕಬ್ಬಿಣದವರಿಗೆ ಮಾತು ಕಡಿಮೆ. ನಾನೇ ಹೇಳಬೇಕಾಯಿತು. ಚುಕ್ಕೆ, ಸಾಸಿವೆ, ಕಡಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಛತ್ರಿಯ ತೂತಿಗೆ ಅಳಿಯ ನಕ್ಕ. ಚಪ್ಪಲಿಯ ಬಾರು ಬಂದಾಗ ಬೀಗಿತಿ, "ಅಯ್ಯೋ, ಆ ಚಪ್ಪಲಿ ಹೊಸದು! ಬಾರು ಯಾಕೆ ಸಡಿಲ ಆಗುತ್ತೆ ಅಂತ ನಾನು ದಿನಾ ಹೊಲೀತಿದ್ದೆ," ಎಂದು ಗಂಡನನ್ನು ದುರುಗುಟ್ಟಿ ನೋಡಿದರು. ಹೆಂಡತಿ ಮಾತ್ರ ಹಾಲಿನವನ ಮಾತು ಬಂದಾಗ ಕಿಟಕಿಯ ಹೊರಗೆ ಏನನ್ನೋ ನೋಡತೊಡಗಿದಳು. ಬಿಡಿ ಎಂದವನು ನಾನೇ ಎಂದೆ. ಬಿಟ್ಟವನು ನಾನು ಎಂದರು ಬೀಗರು. ಅದರ ಮೇಲೂ ಸ್ವಲ್ಪ ಜಗಳವಾಯಿತು. ಮಗಳು ಮುಖ ಬಿಗಿದುಕೊಂಡೇ ಇದ್ದಳು. ಪೊರಕೆಯವಳ ಒಂದು ಹಿಡಿ ಬುದ್ಧಿಯ ಮಾತನ್ನು ನಾನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು.

ಕೊನೆಗೆ, "ಹಾಗಾದ್ರೆ ದಾರಿ ಇಳಿಜಾರಾ, ಮಟ್ಟಾನಾ?" ಎಂದಳು.

"ಇಳಿಜಾರು," ಎಂದರು ಬೀಗರು.

"ಮಟ್ಟ. ಗಾಳಿ ಇತ್ತು," ಎಂದೆ.

"ಪುಟ್ಟಿ ವಿಷಯ ನಾಳೆ ಹೇಳ್ತೀನಿ," ಎಂದು ಎದ್ದು ಒಳಗೆ ಹೋದಳು.

ಫೆಬ್ರವರಿ ೨೪, ಸೋಮವಾರ

ಕಥೆ ಕೇಳಿದವರು ಇವತ್ತು ಬೆಳಿಗ್ಗೆ ಏನು ಮಾಡಿದರೆಂದರೆ:

ಹೆಂಡತಿ ತಲೆನೋವು ಎಂದು ಮುಸುಕು ಹೊದ್ದು ಮಲಗಿದ್ದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಸಿಗೆ ಖಾಲಿ. ಹಳಿದಾರಿಗೆ ಹೋಗಿ ನೋಡಿದರೆ ನಡುದಾರಿಯಲ್ಲಿ ಮೊಣಕಾಲೂರಿ ಕೂತಿದ್ದಾಳೆ, ನನ್ನ ಕೆಲಸದ ಚೀಲದಿಂದ ಕದ್ದ ರಸಮಟ್ಟವನ್ನು ನೆಲದ ಮೇಲೆ ಇಟ್ಟುಕೊಂಡು. ಅವಳಿಂದ ಸ್ವಲ್ಪ ಆಚೆ ಬೀಗಿತಿ ಒಂದು ಆಲೂಗಡ್ಡೆಯನ್ನು ನೆಲಕ್ಕೆ ಬಿಟ್ಟು ಅದರ ಹಿಂದೆ ಹೋಗುತ್ತಿದ್ದರು. ಆಲೂಗಡ್ಡೆ ಯಾವ ಪಕ್ಷಕ್ಕೂ ಸೇರದೆ ಹುಲ್ಲಿಗೆ ಉರುಳಿತು. ಅಳಿಯ ಅಂಗಡಿಯಿಂದ ಬೇರಿಂಗಿನ ಗುಂಡು ತಂದಿದ್ದ. ಯಾರೂ ಯಾರಿಗೂ ಹೇಳಿ ಬಂದಿರಲಿಲ್ಲ. ಒಬ್ಬರನ್ನೊಬ್ಬರು ಕಂಡು, ಗಾಳಿಗೆ ಬಂದೆವು ಎಂದರು. ಗುಂಡು ಎಲ್ಲಿ ಹೋಯಿತೆಂದು ಕೇಳಿದೆ. ಗೋದಾಮಿನ ಕಡೆ ಹೋಯಿತು, ಇನ್ನೂ ಹೋಗುತ್ತಿದೆ ಎಂದ. ಹೆಂಡತಿ, "ರಸಮಟ್ಟದ ಗುಳ್ಳೆ ನೋಡ್ರೀ," ಎಂದಳು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದೆ.

ಮಗಳು ಎಲ್ಲರಿಗಿಂತ ಕೊನೆಗೆ ಬಂದಳು. ಪುಟ್ಟಿ ಗಾಡಿಯಲ್ಲಿದ್ದಳು. ಬೀಗರು ಪಕ್ಕದಲ್ಲಿ, ಕಾಲಿಗೆ ಹೊಲಿದ ಚಪ್ಪಲಿ. ಮಗಳು ಬ್ರೇಕು ಹಾಕಿ, ಎಳೆದು, ತಳ್ಳಿ ನೋಡಿದಳು. ಗಾಡಿ ಕದಲಲಿಲ್ಲ. ಆಮೇಲೆ ಹಿಡಿಯನ್ನು ನನ್ನ ಕೈಗೆ ಕೊಟ್ಟಳು.

"ಅಪ್ಪ, ಮಿಲ್ ಬೀದಿ ತನಕ ನೀನೇ ತಳ್ಕೊಂಡು ಹೋಗು. ಹಾಲು, ಬಟ್ಟೆ ಎಲ್ಲಾ ಗಾಡಿ ಕೆಳಗಿದೆ. ಸಂಜೆ ಬಂದು ಕರ್ಕೊಂಡು ಬರ್ತೀನಿ. ಮನೆ ಮುಟ್ಟಿದ ಮೇಲೆ ಫೋನ್ ಮಾಡಿ ಹೇಳು, ಏರೋ ಮಟ್ಟಾನೋ ಅಂತ. ಸುಳ್ಳು ಹೇಳಂಗಿಲ್ಲ."

ತಳ್ಳಿದೆ. ಸಿಗ್ನಲ್ ಕಂಬದ ತನಕ ಒಬ್ಬನೇ ತಳ್ಳಿದೆ. ಅಲ್ಲಿಂದ ಮುಂದೆ ಬೀಗರು ಹಿಡಿಗೆ ಒಂದು ಕೈ ಹಾಕಿದರು. ಬೇಡ ಎನ್ನಲು ನನ್ನಲ್ಲಿ ಉಸಿರಿರಲಿಲ್ಲ. ಪುಟ್ಟಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿ, ಯಾರಿಗೆಂದು ತಿಳಿಯದ ಹಾಗೆ, "ಜ್ಜ" ಎಂದಳು. ಇಬ್ಬರೂ ಒಟ್ಟಿಗೆ ಓ ಎಂದೆವು.

ಮನೆ ಮುಟ್ಟಿದಾಗ ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು. ಪುಟ್ಟಿಯನ್ನು ನಮ್ಮ ಹಜಾರದ ಚಾಪೆಯ ಮೇಲೆ ಕೂರಿಸುವಷ್ಟರಲ್ಲಿ ಫೋನು ಬಂತು. ಬೀಗರೇ ಎತ್ತಿಕೊಂಡರು.

"ಮಾವ, ತಲುಪಿದ್ರಾ? ಯಾಕೆ ಇಬ್ರೂ ಅಷ್ಟು ಏದುಸಿರು ಬಿಡ್ತಿದ್ದೀರಿ?"

ನಾನು ಚಾಪೆಯ ಮೇಲಿಂದ ಬೀಗರ ಮುಖ ನೋಡಿದೆ. ಬೀಗರು ನನ್ನ ಮುಖ ನೋಡಿದರು.

"ಏನಿಲ್ಲಮ್ಮ," ಎಂದರು. "ಎದುರು ಗಾಳಿ."